ಗುಂಡ್ಯಾನ ಕ್ರಿಯಾಟಿನಿನ್

ಗುಂಡ್ಯಾ ಉಪ್ಪಲ್‌ನ ನಮ್ಮ ಪ್ರಾಣಿ ಕ್ಲಿನಿಕ್ಕಿಗೆ ಮೊದಲ ಸಲ ಬಂದದ್ದು ಶ್ರಾವಣದಲ್ಲಿ, ಜಿಟಿಜಿಟಿ ಮಳೆ ಹಿಡಿದ ಒಂದು ಮುಂಜಾನೆ. ಏಳು ವರ್ಷದ ಗಂಡು ನಾಯಿ, ನಮ್ಮ ಬೀದಿಯ ತಳಿಯೇ, ಹದಿನೆಂಟು ಕಿಲೋ ತೂಕ. ಎರಡು ದಿನದಿಂದ ವಾಂತಿ, ಊಟ ಬಿಟ್ಟಿದ್ದಾನೆ, ನೀರು ಮಾತ್ರ ಬಕೆಟ್ಟಿಗೇ ಬಾಯಿ ಹಾಕಿ ಕುಡಿಯುತ್ತಾನೆ. ಕರೆತಂದವರು ಇಬ್ಬರು. ಒಬ್ಬರು ಐವತ್ತರ ಆಸುಪಾಸಿನ ಮೇಡಂ, ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ಕೆಲಸ, ಮನೆ ನಾಚಾರಂನಲ್ಲಿ. ಇನ್ನೊಬ್ಬರು ಅವರ ತಾಯಿ. ಆಷಾಢ ಮುಗಿಯುತ್ತಲೇ ವಿಜಯಪುರದಿಂದ ಮಗಳ ಹತ್ತಿರ ಇರಲು ಬಂದಿದ್ದ ಅಜ್ಜಿ.

ನಾನು ಅಭ್ಯಾಸದಂತೆ ತೆಲುಗಿನಲ್ಲಿ ಶುರುಮಾಡಿದೆ. ಅಜ್ಜಿ ಮಗಳ ಕಡೆ ತಿರುಗಿ, "ಏನಂತಾರ ಇವ್ರು?" ಅಂದರು. ನಾನು ನಕ್ಕು, "ವಾಂತಿ ಯಾವಾಗಿಂದ ಅಂತ ಕೇಳಾಕತ್ತೀನ್ರಿ ಅಜ್ಜಿ," ಎಂದೆ. ಅವರ ಮುಖ ಅರಳಿತು. "ನಮ್ಮವ್ರೇ ಅದಾರ ನೋಡು," ಎಂದು ಮಗಳಿಗೆ ಹೇಳಿ ನಿರಾಳವಾಗಿ ಕುರ್ಚಿಯಲ್ಲಿ ಕುಳಿತರು. ನನಗೂ ನಿರಾಳವಾಯಿತು. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನನಗೆ ದಿನಕ್ಕೊಮ್ಮೆ ಮನೆಮಾತು ಕಿವಿಗೆ ಬಿದ್ದರೆ ಅದೇ ಹಬ್ಬ. ಆ ನಿರಾಳತನವೇ ಮುಂದೆ ನನ್ನನ್ನು ಕೆಡಿಸಿತು.

ರಕ್ತ ತೆಗೆದೆವು. ಕ್ರಿಯಾಟಿನಿನ್ 2.8. ಇದು ಸ್ನಾಯುಗಳಲ್ಲಿ ದಿನಾ ಹುಟ್ಟುವ ಕಸ. ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕಬೇಕು. ಈ ಗಾತ್ರದ ನಾಯಿಗೆ ಒಂದೂವರೆಯ ಒಳಗಿರಬೇಕು. ಆದರೆ ವಾಂತಿಯಾಗಿ ಮೈಯ ನೀರು ಆರಿದ ಯಾವ ನಾಯಿಗಾದರೂ ಇದು ಏರುತ್ತದೆ. ಆದ್ದರಿಂದ ರಕ್ತ ಒಂದನ್ನೇ ನೋಡಿ ಕಿಡ್ನಿ ಹೋಯಿತು ಅನ್ನುವವನು ದಡ್ಡ. ಮೂತ್ರ ನೋಡಬೇಕು, ಅದೂ ಡ್ರಿಪ್ ಹಾಕುವ ಮೊದಲೇ. ಡ್ರಿಪ್ ಹಾಕಿದ ಮೇಲೆ ನೋಡಿದರೆ ನಾವೇ ಕೊಟ್ಟ ನೀರು ಕಾಣುತ್ತದೆ ಅಷ್ಟೆ.

ಹೊಟ್ಟೆಯ ಮೇಲಿಂದ ಸೂಜಿ ಹಾಕಿ ಮೂತ್ರಕೋಶದಿಂದ ಐದು ಎಂಎಲ್ ಎಳೆದೆ. ಅದರ ಸಾಂದ್ರತೆ ಅಳೆಯಲು ರಿಫ್ರಾಕ್ಟೋಮೀಟರ್ ಎಂಬ ಚಿಕ್ಕ ದುರ್ಬೀನು ಇರುತ್ತದೆ. ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡಬೇಕು. 1.011 ತೋರಿಸಿತು. ಮೈಯಲ್ಲಿ ನೀರು ಕಡಿಮೆಯಾದಾಗ ಒಳ್ಳೆಯ ಕಿಡ್ನಿ ನೀರನ್ನು ಒಳಗೇ ಉಳಿಸಿಕೊಂಡು ಮೂತ್ರವನ್ನು ಗಟ್ಟಿ ಮಾಡುತ್ತದೆ, 1.030 ದಾಟಬೇಕು. ಇದು ನೀರುಮಜ್ಜಿಗೆ. ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿದರೆ ಸಕ್ಕರೆ ಎರಡು ಪ್ಲಸ್, ಆದರೆ ರಕ್ತದಲ್ಲಿ ಸಕ್ಕರೆ ಸರಿಯಾಗಿದೆ. ಅಂದರೆ ಡಯಾಬಿಟೀಸ್ ಅಲ್ಲ. ಕಿಡ್ನಿಯೊಳಗಿನ ಸಣ್ಣ ನಾಳಗಳು ಪೆಟ್ಟು ತಿಂದು, ವಾಪಸ್ ಎಳೆದುಕೊಳ್ಳಬೇಕಾದ ಸಕ್ಕರೆಯನ್ನು ಹೊರಗೆ ಬಿಡುತ್ತಿವೆ. ಸ್ಕ್ಯಾನ್ ಮಾಡಿದರೆ ಎರಡೂ ಕಿಡ್ನಿ ಗಾತ್ರದಲ್ಲಿ ಸರಿ, ಸ್ವಲ್ಪ ಊದಿಕೊಂಡಿವೆ. ಹಳೆಯ ರೋಗವಾಗಿದ್ದರೆ ಕುಗ್ಗಿ ಸುರುಟಿಕೊಂಡಿರುತ್ತಿದ್ದವು. ಇದು ಹೊಸ ಪೆಟ್ಟು. ಏನೋ ಒಂದು ಹೊಡೆದಿದೆ, ಏನೆಂದು ಹುಡುಕಬೇಕು.

ಅಜ್ಜಿ ಗುಂಡ್ಯಾನ ಜೊತೆ ಡ್ರಿಪ್ ಕೋಣೆಯಲ್ಲಿದ್ದರು. ನಾನು ಮೇಡಂ ಅವರನ್ನು ಕೂರಿಸಿಕೊಂಡು, ನಾಯಿಯ ಕಿಡ್ನಿಗೆ ವಿಷವಾಗುವವುಗಳ ನನ್ನ ಪಟ್ಟಿ ಓದಿದೆ. ಇಲಿ ಪಾಷಾಣ? ಇಲ್ಲ. ಮನುಷ್ಯರ ನೋವಿನ ಮಾತ್ರೆ? ಇಲ್ಲ. ದ್ರಾಕ್ಷಿ, ಒಣದ್ರಾಕ್ಷಿ? ಇಲ್ಲ. ಹುಣಸೆಹಣ್ಣು? ಇಲ್ಲ. ಹೊರಗೆ ನಿಂತ ನೀರು ಕುಡಿಯುವುದು? "ಅದಂತೂ ಕುಡೀತಾನ್ರಿ. ನಮ್ಮ ಗಲ್ಲಿ ಪೂರ್ತಿ ನೀರು ನಿಂತೈತಿ," ಎಂದರು. ಲಸಿಕೆ ಹಾಕಿಸಿ ಎರಡು ವರ್ಷವಾಗಿತ್ತು. ಮಳೆ, ನಿಂತ ನೀರು, ಇಲಿಗಳು, ಲಸಿಕೆ ಇಲ್ಲ. ಇಲಿಜ್ವರ ಎಂದು ನನ್ನ ತಲೆ ಆಗಲೇ ತೀರ್ಮಾನಿಸಿತ್ತು. ಅದರ ಪರೀಕ್ಷೆಗೆ ರಕ್ತ ಕಳಿಸಿ, ವರದಿ ಬರುವ ಮೊದಲೇ ಆಂಟಿಬಯೋಟಿಕ್ ಶುರುಮಾಡಿದೆ.

ಡ್ರಿಪ್ ಕೋಣೆಗೆ ಹೋಗಿ ಅಜ್ಜಿಯನ್ನೂ ಒಂದು ಮಾತು ಕೇಳಿದೆ. "ಅಜ್ಜಿ, ಇವಂಗ ನೀವೇನು ತಿನಸ್ತೀರಿ?"

"ನಾ ಏನೂ ತಿನಸಂಗಿಲ್ಲಪಾ. ನಾ ಮಡಿಯಾಗ ಇರತೀನಿ. ಅವನ ಅನ್ನ, ಹಾಲು ಎಲ್ಲಾ ಅಕೀದ ಕೆಲಸ."

ಸರಿ ಎಂದು ಬರೆದುಕೊಂಡೆ.

ನಾಲ್ಕನೆಯ ದಿನ ಕ್ರಿಯಾಟಿನಿನ್ 1.7ಕ್ಕೆ ಇಳಿಯಿತು. ಗುಂಡ್ಯಾ ಬಾಲ ಅಲ್ಲಾಡಿಸಿದ. ನಾನು ಎದೆಯುಬ್ಬಿಸಿ ಮನೆಗೆ ಕಳಿಸಿದೆ.

ಹತ್ತೇ ದಿನ. ಮತ್ತೆ ವಾಂತಿ, ಈ ಸಲ ಬಾಯಿಂದ ಕಿಡ್ನಿ ಕೆಟ್ಟಾಗ ಬರುವ ಕೆಟ್ಟ ವಾಸನೆಯೂ. ನಮ್ಮ ಟೆಕ್ನಿಷಿಯನ್ ರಿಪೋರ್ಟಿನ ಚೀಟಿಯನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟು, "ಸಾರ್, ಮಳ್ಳೀ ಪೆರಿಗಿಂದಿ," ಎಂದಳು. ಮತ್ತೆ ಏರಿತ್ತು. 2.9. ಮೊದಲ ಸಲಕ್ಕಿಂತಲೂ ಒಂದು ಚೂರು ಹೆಚ್ಚು.

ಮೂತ್ರ ನೋಡಿದರೆ ಈ ಸಲ 1.014. ಒಂದು ಗಳಿಗೆ ಆಸೆ ಹುಟ್ಟಿತು, ಕಿಡ್ನಿ ಸ್ವಲ್ಪ ಗಟ್ಟಿ ಮಾಡುತ್ತಿದೆಯೇನೋ ಎಂದು. ಅನುಮಾನಕ್ಕೆ ರಿಫ್ರಾಕ್ಟೋಮೀಟರಿನ ಸೊನ್ನೆ ಪರೀಕ್ಷಿಸಿದೆ. ಡಿಸ್ಟಿಲ್ಡ್ ವಾಟರ್ ಹಾಕಿದರೆ ಸರಿಯಾಗಿ 1.000 ತೋರಿಸಬೇಕು, ಮೂರು ಗೆರೆ ಮೇಲೆ ನಿಂತಿತ್ತು. ಯಾರು ತಿರುಗಿಸಿದರು ಎಂದು ಕೇಳಿದರೆ, ಯಾರೂ ಇಲ್ಲ, ಮೇಜು ಒರೆಸುವಾಗ ಬಿದ್ದಿತ್ತಂತೆ. ಸರಿಮಾಡಿ ನೋಡಿದರೆ ಅದೇ ಹಾಳು 1.011. ಬಿದ್ದದ್ದನ್ನು ಹೇಳಬಾರದಿತ್ತೇ ಎಂದು ಟೆಕ್ನಿಷಿಯನ್ ಮೇಲೆ ಕೂಗಾಡಿದೆ. ಕೂಗಾಡಿ ಕಿಡ್ನಿ ಸರಿಹೋಗುವುದಿದ್ದರೆ ಆವತ್ತು ಉಪ್ಪಲ್‌ನ ಎಲ್ಲ ನಾಯಿಗಳ ಕಿಡ್ನಿ ಸರಿಹೋಗಬೇಕಿತ್ತು.

ಮತ್ತೆ ಡ್ರಿಪ್. ಗಂಟೆಗೆ ಎಷ್ಟು ಹೋಯಿತು, ಎಷ್ಟು ಮೂತ್ರ ಬಂತು, ಎಲ್ಲ ಬರೆಯುತ್ತಿದ್ದೆವು. ಮೂತ್ರ ನಿಂತುಹೋದರೆ ಆಟ ಮುಗಿದಂತೆ. ಪುಣ್ಯಕ್ಕೆ ಅದು ಬರುತ್ತಿತ್ತು. ಬಿಪಿ ಸ್ವಲ್ಪ ಹೆಚ್ಚು, ಮಾತ್ರೆ ಹಾಕಿದೆ. ಎರಡನೆಯ ದಿನ 2.4, ಮೂರನೆಯ ದಿನ 1.9. ಗುಂಡ್ಯಾ ಮಾತ್ರ ಏನೂ ತಿನ್ನುತ್ತಿರಲಿಲ್ಲ. ಗಂಜಿ ಇಟ್ಟರೆ ಮುಖ ತಿರುಗಿಸಿದ. ಕೋಳಿ ಬೇಯಿಸಿ ಇಟ್ಟರೆ ಗೋಡೆ ನೋಡಿದ.

ಆ ಸಂಜೆ ಮೇಡಂ ಕಾರ್ಖಾನೆ ಮುಗಿಸಿ ಅಜ್ಜಿಯನ್ನು ಕರೆದುಕೊಂಡು ನೋಡಲು ಬಂದರು. ಶ್ರಾವಣ ಶನಿವಾರ. ಅಜ್ಜಿಯ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. "ತಗೋರಿ ಡಾಕ್ಟ್ರ, ಪ್ರಸಾದ," ಎಂದು ನನ್ನ ಬೊಗಸೆಗೆ ಹಾಕಿದರು. ನಾನು ಕಣ್ಣಿಗೆ ಒತ್ತಿಕೊಂಡು ಅರ್ಧ ಬಾಯಿಗೆ ಹಾಕಿದೆ. ಅಷ್ಟರಲ್ಲಿ ಗುಂಡ್ಯಾ ಕತ್ತೆತ್ತಿದ. ಮೂರು ದಿನದಲ್ಲಿ ಮೊದಲ ಸಲ ಮೂಗು ಅರಳಿಸಿದ. ಉಳಿದರ್ಧ ಇದ್ದ ಅಂಗೈಯನ್ನು ಅವನ ಮುಂದೆ ಹಿಡಿದೆ. ನೆಕ್ಕಿ ನೆಕ್ಕಿ ತಿಂದ. ಅಜ್ಜಿ ಮತ್ತೊಂದು ಹಿಡಿ ಹಾಕಿದರು, ಅದನ್ನೂ ತಿಂದ. ಮೇಡಂ ಕಣ್ಣಲ್ಲಿ ನೀರು. ನಾನು ಹಾಳೆ ಎಳೆದುಕೊಂಡು ಊಟದ ಕಾಲಮ್ಮಿನಲ್ಲಿ ಬರೆದೆ.

ಮರುದಿನ ಮುಂಜಾನೆ 2.6.

ಡ್ರಿಪ್ ನಡೆಯುತ್ತಿರುವ ನಾಯಿಯ ಕ್ರಿಯಾಟಿನಿನ್ ನನ್ನ ಕಣ್ಣೆದುರೇ ಏರುವುದೆಂದರೇನು? ಮಷೀನಿನ ಮೇಲೆ ಅನುಮಾನ ಬಂತು. ಅಳತೆ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರಾವಣ ಹಾಕಿ ನೋಡಿದೆ, ಸರಿಯಾಗಿತ್ತು. ಅದೇ ರಕ್ತವನ್ನು ಹೊರಗಿನ ಲ್ಯಾಬಿಗೆ ಕಳಿಸಿದೆ, ಅವರದು 2.7 ಬಂತು. ಡ್ರಿಪ್ ಬಾಟಲಿ ಬದಲಿಸಿದೆ. ಬಿಪಿ ಮಾತ್ರೆ ನಿಲ್ಲಿಸಿದೆ. ಆಂಟಿಬಯೋಟಿಕ್ಕೇ ಕಿಡ್ನಿಗೆ ಪೆಟ್ಟು ಕೊಟ್ಟಿತೇ ಎಂದು ಅದನ್ನೂ ನಿಲ್ಲಿಸಿದೆ. ಮಧ್ಯಾಹ್ನದ ಹೊತ್ತಿಗೆ, ಲ್ಯಾಬಿನಲ್ಲಿ ತಡವಾಗಿದ್ದ ಇಲಿಜ್ವರದ ವರದಿಯೂ ಕೊನೆಗೆ ಬಂತು. ಇಲ್ಲ. ಎರಡು ವಾರ ನಾನು ನಂಬಿ ಕೂತಿದ್ದ ಒಂದೇ ಒಂದು ಕಾರಣ ಹೋಯಿತು.

ಸೋಮವಾರ ಗಚ್ಚಿಬೌಲಿ ಕಡೆಯ ದೊಡ್ಡ ಪ್ರಾಣಿ ಆಸ್ಪತ್ರೆಗೆ ಕ್ಯಾಬಿನಲ್ಲಿ ಕರೆದುಕೊಂಡು ಹೋದೆವು, ಮೇಡಂ ಮತ್ತು ನಾನು. ಗುಂಡ್ಯಾ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದ. ಅಲ್ಲಿಯ ತಜ್ಞರು ನನಗಿಂತ ಚಿಕ್ಕವರು, ತಾಳ್ಮೆಯವರು. ಎಲ್ಲ ಚೀಟಿ ನೋಡಿ, ಡಯಾಲಿಸಿಸ್ ಮಾಡಬಹುದು, ಆದರೆ ಅದು ಕಿಡ್ನಿಗೆ ಸಮಯ ಕೊಡುತ್ತದೆ ಅಷ್ಟೆ, ಹೊಡೆಯುತ್ತಿರುವುದು ಯಾವುದೆಂದು ಗೊತ್ತಿಲ್ಲದೆ ಎಷ್ಟು ಸಲ ಮಾಡುತ್ತೀರಿ ಎಂದರು. ಮೂರನೆಯ ಸಲ ಹೀಗಾದರೆ ಉಳಿಯುವುದು ಕಷ್ಟ ಎಂದೂ ಹೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ಮೈ ಉರಿಯಿತು.

ವಾಪಸ್ ಬರುವಾಗ ಮೇಡಂ ಗುಂಡ್ಯಾನ ಕಿವಿಯ ಹಿಂದೆ ಸವರುತ್ತಿದ್ದರು. ಆಮೇಲೆ ಹೇಳಿದರು. "ಡಾಕ್ಟ್ರ, ಅವಂಗ ಸುಮ್ಮ ನರಳಸೂದು ಬ್ಯಾಡರಿ. ನಮ್ಮ ಮನಿಯವ್ರು ತೀರಿಕೊಂಡ ವರ್ಷನ ಇವಾ ಬಂದಾನ. ಹಾಲ್‌ನಾಗ ಅವ್ರ ಕುರ್ಚಿ ಕೆಳಗ ಬಂದು ಮಲಗಿದ, ಅಲ್ಲಿಂದ ಎದ್ದಿಲ್ಲ. ಇವನ್ನ ಇಟಗೋಬೇಕು ಅಂತ ನನಗೆಷ್ಟೈತಿ ಅಂತ ನಿಮಗ ಗೊತ್ತಿಲ್ಲ. ಆದ್ರ ನನ್ನ ಸಲುವಾಗಿ ಅವನ್ನ ಕಾಡಸಬಾರದು. ಶನಿವಾರ ತನಕ ನೋಡೂಣು. ಆಗಲಿಲ್ಲಂದ್ರ ಆ ಕಡೀ ಇಂಜೆಕ್ಷನ್ ಕೊಟ್ಟಬಿಡ್ರಿ."

ಆಗಲಿ ಎಂದೆ.

ಮಂಗಳವಾರ ಮಧ್ಯಾಹ್ನ ಕ್ಲಿನಿಕ್ ಖಾಲಿಯಿತ್ತು. ಟೆಕ್ನಿಷಿಯನ್ ಇನ್ನೊಂದು ಟೆಸ್ಟಿನ ಹೆಸರು ಹೇಳಿ, ಕಳಿಸೋಣವೇ ಎಂದು ಕೇಳಿದಳು. ಬೇಡ ಎಂದೆ. ಎಷ್ಟು ಅಂತ ಕಳಿಸುವುದು, ಸಾಕಾಗಿತ್ತು. ಹೊಸದು ಒಂದೂ ಬೇಡ, ಬರೆದಿಟ್ಟದ್ದನ್ನೇ ಮೊದಲಿನಿಂದ ಓದುತ್ತೇನೆ ಎಂದು ಎರಡೂ ಸಲದ ಹಾಳೆಗಳನ್ನು ಆಪರೇಷನ್ ಮೇಜಿನ ಮೇಲೆ ಹರಡಿದೆ. ಅವಳು ಸಂಖ್ಯೆ ಓದಿದಳು, ನಾನು ಒಂದು ಬಿಳಿ ಹಾಳೆಯಲ್ಲಿ ದಿನಗಳ ಸಾಲು ಹಾಕಿದೆ.

ಮನೆಗೆ ಹೋದರೆ ಏರುತ್ತದೆ, ಇಲ್ಲಿ ಬಂದರೆ ಇಳಿಯುತ್ತದೆ. ಅಷ್ಟು ನನಗೂ ಗೊತ್ತಿತ್ತು. ಮನೆಯಲ್ಲೇ ಏನೋ ಇದೆ ಎನ್ನಲು ಒಂದೇ ಒಂದು ಸಂಖ್ಯೆ ಅಡ್ಡ ನಿಂತಿತ್ತು, ಭಾನುವಾರ ಮುಂಜಾನೆಯ 2.6. ಅವತ್ತು ಅವನು ನಮ್ಮ ಕಣ್ಣೆದುರಿಗಿದ್ದ. "ಶನಿವಾರ ಏನೇನು ಹೋಯಿತು ಓದು," ಎಂದೆ. ಡ್ರಿಪ್, ಇಷ್ಟು. ಇಂಜೆಕ್ಷನ್, ಹಿಂದಿನ ದಿನದ್ದೇ. ಊಟದ ಕಾಲಮ್ಮಿಗೆ ಬಂದಾಗ ಅವಳು ತಡವರಿಸಿದಳು, ಯಾಕೆಂದರೆ ಅಲ್ಲಿ ಬರೆದದ್ದು ಕನ್ನಡದಲ್ಲಿ. ಖುಷಿಯಾದಾಗ ನನ್ನ ಕೈ ಕನ್ನಡ ಬರೆಯುತ್ತದೆ. ಹಾಳೆ ತೆಗೆದುಕೊಂಡೆ.

"ಸಂಜೆ 5.40. ಪ್ರಸಾದ ತಿಂದ. ಹಸಿವು ಬರುತ್ತಿದೆ." ಕೆಳಗೆ ಎರಡು ಗೆರೆ ಎಳೆದಿದ್ದೆ.

ನನ್ನ ನಾಲಿಗೆ ತಾನಾಗಿ ಹಿಂದಿನ ದವಡೆಗೆ ಹೋಯಿತು. ಅವತ್ತು ಅಲ್ಲಿ ಏನೋ ಸಿಹಿಯಾಗಿ ಅಂಟಿಕೊಂಡಿತ್ತು. ಮನೆಗೆ ಹೋಗುವ ದಾರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ನಾಲಿಗೆಯಿಂದ ಬಿಡಿಸಿ ಬಿಡಿಸಿ ನುಂಗಿದ್ದೆ. ಒಣದ್ರಾಕ್ಷಿ.

ಸಂಜೆ ಆರಕ್ಕೆ ತಾಯಿ ಮಗಳು ಬಂದರು. ಅಜ್ಜಿಯ ಕೈಯಲ್ಲಿ ಅದೇ ಡಬ್ಬಿ. "ಸ್ವಲ್ಪ ತಗದು ತೋರಸ್ರಿ ಅಜ್ಜಿ," ಎಂದೆ. ಸಕ್ಕರೆ, ಕೊಬ್ಬರಿ ತುಂಡು, ಪುಟಾಣಿ, ಮತ್ತೆ ಅರ್ಧಕ್ಕರ್ಧ ಒಣದ್ರಾಕ್ಷಿ. ಹೊಂಬಣ್ಣದ, ದಪ್ಪ ದಪ್ಪ, ವಿಜಯಪುರದ ಒಳ್ಳೆಯ ಮಾಲು.

"ಇದು ದಿನಾ ಇರತೈತೇನ್ರಿ ಪೂಜಾಕ್ಕ?"

"ಹೌದಲ್ಲ. ನಮ್ಮ ತಮ್ಮನ ತ್ವಾಟದ್ದು. ಬರುವಾಗ ಐದು ಕಿಲೋ ಕಟ್ಟಿ ಕೊಟ್ಟಾನ, ಶ್ರಾವಣ ಪೂರ್ತಿ ನೈವೇದ್ಯಕ್ಕ ಅಂತ."

"ಗುಂಡ್ಯಾಗ ಕೊಡತೀರಿ?"

"ಕೊಡಬೇಕಲ್ರಿ ಮತ್ತ. ಪೂಜಾ ಮುಗಿಯೂತನಕ ಬಾಗಲದಾಗ ಕುಂತಿರತಾನ ಪಾಪ, ಗಂಟಿ ಬಾರಿಸಿದ ಕೂಡ್ಲೆ ಬಾಲ ಅಳ್ಳಾಡಸ್ತಾನ. ಮ್ಯಾಲಿಂದ ಒಂದು ಹಿಡಿ ಹಾಕತೀನಿ, ಮುಟ್ಟಂಗಿಲ್ಲ."

"ಅವತ್ತ ಕೇಳಿದಾಗ ಏನೂ ತಿನಸಂಗಿಲ್ಲ ಅಂದಿದ್ರಿ."

ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿದರು. "ತಿನಸೂದು ಬ್ಯಾರೆ, ಪ್ರಸಾದ ಬ್ಯಾರೆ. ಉಪಾಸ ಇದ್ದವ್ರೂ ಪ್ರಸಾದ ತಗೋತಾರಲ್ಲ. ನಿಮ್ಮ ಮನ್ಯಾಗ ಏನಂತಾರ?"

ನಮ್ಮ ಮನೆಯಲ್ಲೂ ಹಾಗೇ ಅನ್ನುತ್ತಾರೆ. ಏಕಾದಶಿಯ ದಿನ ನಮ್ಮ ತಾಯಿ ಏನೂ ತಿಂದಿಲ್ಲ ಎನ್ನುತ್ತಲೇ ಗುಡಿಯಿಂದ ಬಂದ ಒಂದು ದೊನ್ನೆ ಪ್ರಸಾದ ಮುಗಿಸುತ್ತಿದ್ದರು, ಅದರಲ್ಲಿ ನಮಗೆ ಯಾರಿಗೂ ಸುಳ್ಳು ಕಾಣುತ್ತಿರಲಿಲ್ಲ. ಅಜ್ಜಿಯೂ ಸುಳ್ಳು ಹೇಳಿರಲಿಲ್ಲ. ತಪ್ಪು ನನ್ನದು. ಏಳೂಕಾಲಿಗೆ ಕಾರ್ಖಾನೆಯ ಬಸ್ಸು ಹತ್ತುವ ಮಗಳಿಗೆ ಇಡೀ ಪಟ್ಟಿ ಓದಿ, ಇಡೀ ದಿನ ನಾಯಿಯ ಜೊತೆ ಇರುವ ಅಜ್ಜಿಗೆ ಒಂದು ಪ್ರಶ್ನೆ ಎಸೆದು ಎದ್ದು ಬಂದಿದ್ದೆ. ನಮ್ಮವರು, ನಮಗೇನು ಗೊತ್ತಿಲ್ಲದ್ದು ಎಂದುಕೊಂಡಿದ್ದೆ. ಅವರು ತೆಲುಗಿನವರಾಗಿದ್ದರೆ ಇನ್ನೂ ನಾಲ್ಕು ಮಾತು ಕೇಳುತ್ತಿದ್ದೆನೋ ಏನೋ.

ವಿಷಯ ಬಿಡಿಸಿ ಹೇಳಿದೆ. ದ್ರಾಕ್ಷಿ, ಅದರಲ್ಲೂ ಒಣಗಿದ್ದು, ಕೆಲವು ನಾಯಿಗಳ ಕಿಡ್ನಿಯನ್ನು ಕೆಡಿಸುತ್ತದೆ; ಒಂದು ನಾಯಿ ಕಿಲೋಗಟ್ಟಲೆ ತಿಂದು ಗಟ್ಟಿಯಾಗಿರುತ್ತದೆ, ಇನ್ನೊಂದಕ್ಕೆ ಹಿಡಿ ಸಾಕು, ಯಾವುದಕ್ಕೆ ಎಷ್ಟು ಎಂದು ಮೊದಲೇ ಹೇಳಲು ಬರುವುದಿಲ್ಲ ಎಂದೆ.

ಮೇಡಂ ತಾಯಿಯ ಕಡೆ ತಿರುಗಿದರು. "ಅವ್ವಾ, ದಿನಾ ಕೊಡತಿದ್ದಿ? ನನಗೊಂದು ಮಾತು ಹೇಳಬಾರದಾಗಿತ್ತಾ?"

ಅಜ್ಜಿ ಡಬ್ಬಿಯ ಮುಚ್ಚಳ ಹಾಕಿದರು. "ದೇವರ ಮುಂದ ಇಟ್ಟದ್ದು ಕೆಡಕ ಮಾಡತೈತೇನ್ರಿ ಡಾಕ್ಟ್ರ?" ಎಂದು ಕೇಳಿದರು. ದನಿಯಲ್ಲಿ ವಾದ ಇರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

ಶನಿವಾರದ ಹಾಳೆ ತಂದು ಮೇಡಂ ಮುಂದೆ ಇಟ್ಟು, ಗೆರೆ ಎಳೆದ ಸಾಲಿನ ಮೇಲೆ ಬೆರಳಿಟ್ಟೆ. "ಇಲ್ಲಿ ನೋಡ್ರಿ. ನಾನೂ ಕೊಟ್ಟೀನಿ. ಅಜ್ಜಿಗೆ ಗೊತ್ತಿರಲಿಲ್ಲ, ನನಗ ಗೊತ್ತಿತ್ತು. ಬೈಯೂದಿದ್ರ ನನಗ ಬೈರಿ." ಮೇಡಂ ಓದಿದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಡ್ರಿಪ್ ಮುಂದುವರಿಸಿದೆವು. ನಮ್ಮಲ್ಲಿ ಯಾರು ಏನೇ ಗುಂಡ್ಯಾನ ಬಾಯಿಗೆ ಇಟ್ಟರೂ, ಒಂದು ಅಗುಳು ಇದ್ದರೂ, ಹಾಳೆಯಲ್ಲಿ ಬರೆಯಬೇಕು ಎಂದೆ. ಬುಧವಾರ 2.5. ಗುರುವಾರ ಅಲ್ಲೇ ನಿಂತಿತು. ಶುಕ್ರವಾರ 2.3. ಶನಿವಾರ ಮುಂಜಾನೆ ಮೇಡಂ ರಜೆ ಹಾಕಿ ಬಂದಿದ್ದರು, ಗುಂಡ್ಯಾನ ಹಳೆಯ ಹೊದಿಕೆ ತಂದಿದ್ದರು. ಯಾಕೆ ತಂದಿದ್ದಾರೆಂದು ನನಗೆ ಗೊತ್ತಾಯಿತು. ಟೆಕ್ನಿಷಿಯನ್ ಈ ಸಲ ಚೀಟಿಯನ್ನು ಮೇಜಿನ ಮೇಲಿಡದೆ ನೇರ ಅವರ ಕೈಗೇ ಕೊಟ್ಟಳು. 2.1. ಮೂತ್ರದಲ್ಲಿ ಈಗ ಸಕ್ಕರೆ ಇರಲಿಲ್ಲ. ಅವನು ಅದೇ ಹೊದಿಕೆಯ ಮೇಲೆ ಕೂತು ಗಂಜಿ ತಿಂದ.

ಕಥೆ ಅಲ್ಲಿಗೆ ಸುಖವಾಗಿ ಮುಗಿಯಿತು ಎಂದರೆ ತಪ್ಪಾಗುತ್ತದೆ. ಎರಡರ ಕೆಳಗೆ ಅದು ಮತ್ತೆ ಇಳಿಯಲೇ ಇಲ್ಲ. ಎರಡನೆಯ ಸಲದ ಪೆಟ್ಟಿನಲ್ಲಿ ಹೋದ ಭಾಗ ಹೋಯಿತು. ಅದರಲ್ಲಿ ನನ್ನ ಅಂಗೈಯ ಪಾಲು ಎಷ್ಟು ಎಂದು ಯಾವ ಟೆಸ್ಟೂ ಹೇಳುವುದಿಲ್ಲ. ಈಗ ಅವನು ಕಿಡ್ನಿ ರೋಗಿ, ಜೀವನಪೂರ್ತಿ. ಉಪ್ಪು ಇಲ್ಲ, ಬೇಳೆ ಕಡಿಮೆ. ಅನ್ನ, ಸೋರೆಕಾಯಿ, ಮೊಟ್ಟೆಯ ಬಿಳಿ. ಮೊಟ್ಟೆಗಾಗಿ ಮೇಡಂ ಬಾಲ್ಕನಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟಿದ್ದಾರೆ. ಎರಡು ತಿಂಗಳಿಗೊಮ್ಮೆ ರಕ್ತ, ಮೂತ್ರ, ಬಿಪಿ.

ದೀಪಾವಳಿ ಆದ ಮೇಲೆ ತಪಾಸಣೆಗೆ ಬಂದರು. ಕ್ರಿಯಾಟಿನಿನ್ 2.0, ಮೂತ್ರ 1.016. ಕೆಟ್ಟಿಲ್ಲ, ಸುಧಾರಿಸಿಯೂ ಇಲ್ಲ. ಅಜ್ಜಿ ಶ್ರಾವಣದ ನಂತರ ನನ್ನ ಕ್ಲಿನಿಕ್ಕಿಗೆ ಬಂದದ್ದು ಅದೇ ಮೊದಲು. ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಹೊರಡುವಾಗ ಸೆರಗಿನ ಒಳಗಿಂದ ಅದೇ ಸ್ಟೀಲ್ ಡಬ್ಬಿ ತೆಗೆದರು. ನಾನು ಕೈ ಚಾಚಲಿಲ್ಲ. ಅವರಿಗೆ ಅರ್ಥವಾಯಿತು, ತಾವೇ ಮುಚ್ಚಳ ತೆಗೆದು ನನ್ನ ಕಣ್ಣ ಮುಂದೆ ಹಿಡಿದರು.

ಬೇಯಿಸಿದ ಸೋರೆಕಾಯಿಯ ತುಂಡುಗಳು. ಉಪ್ಪಿಲ್ಲ, ಒಗ್ಗರಣೆ ಇಲ್ಲ, ಬೆಳ್ಳಗೆ, ಒದ್ದೆ.

"ಈಗ ಇದ ನೈವೇದ್ಯ," ಎಂದರು. "ಅವಾ ಬಾಗಲದಾಗ ಕುಂದರೂದು ಬಿಡವಲ್ಲ. ಪ್ರಸಾದ ಇಲ್ಲ ಅಂತ ಹೆಂಗ ಹೇಳಲಿ? ಅದಕ್ಕ ಅವಂಗ ಏನ್ ನಡೀತೈತಿ, ಅದನ್ನ ಇಡತೀನಿ. ನಮ್ಮನಿ ದೇವರೂ ಪಥ್ಯದ ಮ್ಯಾಲ ಅದಾನ."

ಬೊಗಸೆ ಒಡ್ಡಿದೆ. ಎರಡು ತುಂಡು ಹಾಕಿದರು. ಕಣ್ಣಿಗೆ ಒತ್ತಿಕೊಂಡು ತಿಂದೆ. ಸಪ್ಪೆಯೆಂದರೆ ಸಪ್ಪೆ, ನುಂಗಲು ಕಷ್ಟವಾಯಿತು. ಗುಂಡ್ಯಾ ಮೇಜಿನ ಕೆಳಗಿಂದ ನನ್ನ ಕೈಯನ್ನೇ ನೋಡುತ್ತಿದ್ದ.

"ದಿನಕ್ಕ ಎಷ್ಟು ತುಂಡು ಕೊಡತೀರಿ ಅಜ್ಜಿ?" ಎಂದು ಕೇಳಿ, ಹಾಳೆಯನ್ನು ಹತ್ತಿರ ಎಳೆದುಕೊಂಡೆ.